ಲ್ಯಾಪ್‌ಟಾಪ್‌ನಲ್ಲಿ ಕ್ರಿಪ್ಟೋ ಮೈನಿಂಗ್ ಗಿಟ್ಟುತ್ತದಾ? ಮನೆಯಲ್ಲೇ ಅಳೆದು ನೋಡುವ ಬಗೆ

ಕಳೆದ ಜೂನ್‌ನಲ್ಲಿ ಅಕ್ಕನ ಮಗ ಕುಮಟಾದಿಂದ ಶಿರಸಿಗೆ, ನಮ್ಮ ಮನೆಗೆ ಬಂದಿದ್ದ. ಡಿಪ್ಲೊಮಾ ಓದುವ ಹುಡುಗ. ಹೊರಗೆ ಜಡಿಮಳೆ, ಮಾಡಲು ಬೇರೆ ಕೆಲಸವಿಲ್ಲ. ಎರಡನೇ ದಿನಕ್ಕೇ ಕೇಳಿದ: "ಮಾವ, ನಿನ್ನ ಹಳೇ ಲ್ಯಾಪ್‌ಟಾಪು ಸುಮ್ನೆ ಬಿದ್ಕಂಡಿರ್ತು. ರಾತ್ರಿ ಮೈನಿಂಗ್ ಮಾಡ್ಲಕ್ಕಾ?"

ಮೈನಿಂಗ್ ಎಂದರೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ, ಅದಕ್ಕೆ ಬಹುಮಾನವಾಗಿ ಕ್ರಿಪ್ಟೋ, ಅಂದರೆ ಡಿಜಿಟಲ್ ನಾಣ್ಯ, ಗಳಿಸುವುದು. ಅವನ ಲೆಕ್ಕ ಸರಳ. ಮಷಿನ್ ಇದೆ, ವೈಫೈ ಇದೆ, ಕರೆಂಟು ಗೃಹಜ್ಯೋತಿಯಲ್ಲಿ ಪುಕ್ಕಟೆ. ಬಂದದ್ದೆಲ್ಲ ಲಾಭ ತಾನೆ?

ಬೇಡ ಎಂದರೆ ಕೇಳುವ ವಯಸ್ಸಲ್ಲ ಅದು. ನನಗೂ ಒಳಗೊಳಗೇ ಕುತೂಹಲ. ಹಾಗಾಗಿ ಇಬ್ಬರೂ ಕೂತು ಅಳೆದೆವು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಗಿಟ್ಟುವುದಿಲ್ಲ. ಆದರೆ ನನ್ನ ಮಾತು ನಂಬಬೇಕಿಲ್ಲ. ನಿಮ್ಮ ಮಷಿನ್, ನಿಮ್ಮ ಬಿಲ್ ಇಟ್ಟುಕೊಂಡು ನೀವೇ ಒಂದು ಸಂಜೆಯಲ್ಲಿ ಲೆಕ್ಕ ಹಾಕಬಹುದು. ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು: ಬಿಟ್‌ಕಾಯಿನ್ ಆಸೆ ಬಿಡಿ

ಮೈನಿಂಗ್ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಬಿಟ್‌ಕಾಯಿನ್. 2009ರಲ್ಲಿ ಅದು ಶುರುವಾದಾಗ ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತಿದ್ದರು. ಆಗ ಒಂದು ಬ್ಲಾಕ್‌ಗೆ, ಅಂದರೆ ವಹಿವಾಟುಗಳ ಒಂದು ಕಟ್ಟಿಗೆ, 50 ಕಾಯಿನ್ ಬಹುಮಾನ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧ ಆಗುತ್ತ ಬಂದು, 2024ರ ಏಪ್ರಿಲ್‌ನಿಂದ 3.125 ಆಗಿದೆ. ಯೂಟ್ಯೂಬಿನಲ್ಲಿ ಈಗಲೂ ಓಡಾಡುವ ಕೆಲವು ವಿಡಿಯೋ ಆ ಹಳೇ ಕಾಲದವು.

ಕೆಲಸ ಏನಪ್ಪಾ ಎಂದರೆ, ಒಂದು ಸಂಖ್ಯೆಯನ್ನು ಬದಲಿಸಿ ಬದಲಿಸಿ ಲೆಕ್ಕ ಮಾಡುತ್ತ, ಉತ್ತರ ಗೊತ್ತುಪಡಿಸಿದ ಮಿತಿಗಿಂತ ಕೆಳಗೆ ಬರುವವರೆಗೂ ಊಹೆ ಹೊಡೆಯುವುದು. ಒಂದೊಂದು ಊಹೆ ಒಂದು ಹ್ಯಾಶ್. ಜಾಣತನ ಏನೂ ಬೇಡ, ವೇಗ ಬೇಕು. ಜಗತ್ತಿನಲ್ಲಿ ಎಷ್ಟೇ ಮಷಿನ್ ಸೇರಿದರೂ ಸುಮಾರು ಹತ್ತು ನಿಮಿಷಕ್ಕೆ ಒಂದೇ ಬ್ಲಾಕ್ ಸಿಗುವಂತೆ ಪ್ರತಿ 2016 ಬ್ಲಾಕ್‌ಗೊಮ್ಮೆ ಕಷ್ಟದ ಮಟ್ಟ ತಾನಾಗಿ ಬದಲಾಗುತ್ತದೆ. ಅಂದರೆ ಪಂಕ್ತಿಗೆ ಜನ ಹೆಚ್ಚಾದರೂ ಪಾಯಸದ ಪಾತ್ರೆ ಅಷ್ಟೇ ಇರುತ್ತದೆ.

ಈಗ ಆ ಪಂಕ್ತಿಯಲ್ಲಿ ಕೂತವರು ಯಾರು ನೋಡಿ. ಈ ಒಂದೇ ಕೆಲಸಕ್ಕೆಂದು ಮಾಡಿದ ಏಸಿಕ್ ಎಂಬ ಮಷಿನ್‌ಗಳಿವೆ. ಆ್ಯಂಟ್‌ಮೈನರ್ ಎಸ್21 ಸೆಕೆಂಡಿಗೆ 200 ಟೆರಾಹ್ಯಾಶ್ ಮಾಡುತ್ತದೆ, ಅಂದರೆ 200 ಲಕ್ಷ ಕೋಟಿ ಊಹೆ. ಸಾಧಾರಣ ಲ್ಯಾಪ್‌ಟಾಪಿನ ಪ್ರೊಸೆಸರ್ ಎರಡು ಕೋಟಿ ಮಾಡಿತು ಎಂದು ಹಿಡಿಯೋಣ. ಒಂದು ಎಸ್21ಕ್ಕೆ ಸಮ ಆಗಲು ಒಂದು ಕೋಟಿ ಲ್ಯಾಪ್‌ಟಾಪ್ ಬೇಕು. 2024ರ ನಡುವಿನಲ್ಲಿ ಜಗತ್ತಿನ ಎಲ್ಲ ಮಷಿನ್ ಸೇರಿದ ಇಡೀ ಜಾಲದ ವೇಗ ಸೆಕೆಂಡಿಗೆ ಸುಮಾರು 600 ಎಕ್ಸಾಹ್ಯಾಶ್ ಇತ್ತು, ಅಂದರೆ 30 ಲಕ್ಷ ಎಸ್21 ಸೇರಿದಷ್ಟು. ಆ ಅಂಕಿ ಇಟ್ಟು ಭಾಗಿಸಿದರೆ ನಮ್ಮ ಲ್ಯಾಪ್‌ಟಾಪಿಗೆ ಒಂದು ಬ್ಲಾಕ್ ಸಿಗಲು ಸರಾಸರಿ 57 ಕೋಟಿ ವರ್ಷ ಬೇಕು. ನಮ್ಮ ಹುಡುಗ ಕ್ಯಾಲ್ಕ್ಯುಲೇಟರ್ ಎರಡು ಸಲ ಒತ್ತಿ ನೋಡಿ, ಮೂರನೇ ಸಲ ಒತ್ತಲಿಲ್ಲ.

ಇಥೀರಿಯಂ ಎಂಬ ಇನ್ನೊಂದು ನಾಣ್ಯದ ಕಥೆ ಇನ್ನೂ ಚಿಕ್ಕದು. 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಗೇಮಿಂಗ್ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ನಂಬಿಕೊಂಡವರು ಅಂದಿನಿಂದ ಸಣ್ಣಪುಟ್ಟ ನಾಣ್ಯಗಳ ಹಿಂದೆ ಓಡುತ್ತಿದ್ದಾರೆ.

ಉಳಿಯುವುದು ಮೊನೆರೊ

ಸಾದಾ ಪ್ರೊಸೆಸರಿನಲ್ಲಿ ಇನ್ನೂ ಅರ್ಥವಿರುವ ದೊಡ್ಡ ನಾಣ್ಯ ಎಂದರೆ ಮೊನೆರೊ. 2019ರ ನವೆಂಬರ್‌ನಿಂದ ಅದು ರ್‍ಯಾಂಡಮ್‌ಎಕ್ಸ್ ಎಂಬ ಲೆಕ್ಕದ ಪದ್ಧತಿ ಬಳಸುತ್ತದೆ. ಏಸಿಕ್‌ಗಳಿಗೆ ಲಾಭ ಆಗಬಾರದು, ಮಾಮೂಲಿ ಪ್ರೊಸೆಸರಿಗೆ ಅನುಕೂಲ ಆಗಬೇಕು ಎಂದೇ ಅದನ್ನು ಕಟ್ಟಿದ್ದು. ಒಂದೇ ತೊಂದರೆ, ನಮ್ಮ ಲ್ಯಾಪ್‌ಟಾಪಿಗೆ ಆದ ಅನುಕೂಲ 16 ಕೋರಿನ ಡೆಸ್ಕ್‌ಟಾಪಿಗೂ ಸರ್ವರಿಗೂ ಆಗುತ್ತದೆ.

ಎರಡು ನಿಮಿಷಕ್ಕೊಂದು ಬ್ಲಾಕ್, ಬ್ಲಾಕ್‌ಗೆ 0.6 ಮೊನೆರೊ. ದಿನಕ್ಕೆ 720 ಬ್ಲಾಕ್. ಅಂದರೆ ಇಡೀ ಜಗತ್ತಿನವರು ಸೇರಿ ಹಂಚಿಕೊಳ್ಳುವುದು ದಿನಕ್ಕೆ 432 ಮೊನೆರೊ. ಈ 432 ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ವೇಗ ಅಳೆಯಿರಿ

ಎಕ್ಸ್‌ಎಂಆರ್‌ರಿಗ್ ಎಂಬ ಉಚಿತ ಪ್ರೋಗ್ರಾಮ್ ಇದೆ. ಅದರಲ್ಲೇ ಬೆಂಚ್‌ಮಾರ್ಕ್, ಅಂದರೆ ಬರೀ ವೇಗ ಅಳೆದು ನೋಡುವ ಆಯ್ಕೆ ಇದೆ. ಖಾತೆ ಬೇಡ, ನಾಣ್ಯ ಇಟ್ಟುಕೊಳ್ಳುವ ವಾಲೆಟ್ ಬೇಡ, ಏನೂ ಬೇಡ. ಒಂದು ಕೋಟಿ ಹ್ಯಾಶ್‌ನ ಆಯ್ಕೆ ಹಾಕಿದರೆ ಅಷ್ಟು ಮಾಡಿ ನಿಲ್ಲುತ್ತದೆ.

ಡೌನ್‌ಲೋಡ್ ಮಾತ್ರ ಅದರ ಅಧಿಕೃತ ಗಿಟ್‌ಹಬ್ ಪುಟದಿಂದಲೇ ಮಾಡಿ. ಗೂಗಲ್‌ನಲ್ಲಿ ಮೊದಲು ಬಂದ ಲಿಂಕ್, ಟೆಲಿಗ್ರಾಮ್ ಗ್ರೂಪಿನ ಜಿಪ್ ಫೈಲ್ ಬೇಡವೇ ಬೇಡ. ಇಳಿಸಿಕೊಂಡ ಮೇಲೆ ಅಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲನ್ನು ಯಾರೂ ತಿದ್ದಿಲ್ಲ ಎಂದು ತೋರಿಸುವ ಸಂಕೇತ) ತಾಳೆ ನೋಡಿ. ಆ್ಯಂಟಿವೈರಸ್ ಕೂಗುತ್ತದೆ. ಇದೇ ಪ್ರೋಗ್ರಾಮನ್ನು ಕಳ್ಳರು ಬೇರೆಯವರ ಕಂಪ್ಯೂಟರಿನೊಳಗೆ ಗುಟ್ಟಾಗಿ ಹೊಗಿಸುತ್ತಾರೆ, ಅದಕ್ಕೇ. ಆದ್ದರಿಂದ ಆಫೀಸಿನ ಲ್ಯಾಪ್‌ಟಾಪ್, ಕಾಲೇಜು ಲ್ಯಾಬ್, ಸೊಸೈಟಿಯ ಕಂಪ್ಯೂಟರಿನಲ್ಲಿ ಇದರ ಹತ್ತಿರವೂ ಹೋಗಬೇಡಿ. ಬ್ಯಾಂಕ್ ಕೆಲಸ, ಯುಪಿಐ ಎಲ್ಲ ಮಾಡುವ ಮಷಿನ್‌ನಲ್ಲೂ ಬೇಡ.

ನಮ್ಮದು ಎಂಟನೇ ಪೀಳಿಗೆಯ ಕೋರ್ ಐ5, ನಾಲ್ಕು ಕೋರ್, 8 ಜಿಬಿ ರ್‍ಯಾಮ್. ರ್‍ಯಾಂಡಮ್‌ಎಕ್ಸ್ ಒಂದಕ್ಕೇ 2 ಜಿಬಿಗಿಂತ ಜಾಸ್ತಿ ರ್‍ಯಾಮ್ ಬೇಕು. ಒಂದೊಂದು ಥ್ರೆಡ್‌ಗೆ, ಅಂದರೆ ಒಟ್ಟೊಟ್ಟಿಗೆ ಓಡುವ ಒಂದೊಂದು ಲೆಕ್ಕಕ್ಕೆ, 2 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಬೇಕು. ನಮ್ಮದರಲ್ಲಿ ಕ್ಯಾಶ್ 6 ಎಂಬಿ, ಹಾಗಾಗಿ ಪ್ರೋಗ್ರಾಮ್ ತಾನೇ ಮೂರು ಥ್ರೆಡ್ ಹಾಕಿಕೊಂಡಿತು. ಬಲವಂತವಾಗಿ ಎಂಟು ಹಾಕಿದರೆ ವೇಗ ಏರುವ ಬದಲು ಬಿಸಿ ಏರುತ್ತದೆ.

ಪರದೆಯ ಮೇಲೆ ವೇಗ ಮೂರು ಕಡೆ ಬರುತ್ತದೆ: ಹತ್ತು ಸೆಕೆಂಡಿನದು, ಅರವತ್ತು ಸೆಕೆಂಡಿನದು, ಹದಿನೈದು ನಿಮಿಷದ್ದು. ಮೊದಲ ಅರ್ಧ ನಿಮಿಷ ಪ್ರೊಸೆಸರ್ ಹುರುಪಿನಲ್ಲಿ ಓಡುತ್ತದೆ. ನಮಗೆ ಸೆಕೆಂಡಿಗೆ 1,400 ಹ್ಯಾಶ್ ತೋರಿಸಿತು. ಹುಡುಗ ಅದನ್ನೇ ಬರೆದುಕೊಂಡ. ಆಮೇಲೆ ಫ್ಯಾನ್ ಕಿರುಚಲು ಶುರು, ವೇಗ ಇಳಿಯುತ್ತ ಇಳಿಯುತ್ತ 1,050ಕ್ಕೆ ನಿಂತಿತು. ಹದಿನೈದು ನಿಮಿಷದ ಅಂಕಿಯನ್ನೇ ಹಿಡಿಯಿರಿ. ಉಳಿದೆರಡು ಮದುವೆ ಮನೆಯ ಬಣ್ಣ.

ಕರೆಂಟ್ ಅಳೆಯಿರಿ, ಇದೇ ಮುಖ್ಯ

ಅಡಾಪ್ಟರ್ ಮೇಲೆ 65 ವ್ಯಾಟ್ ಎಂದು ಬರೆದಿರುತ್ತದೆ. ಅದು ಗರಿಷ್ಠ, ಲೆಕ್ಕಕ್ಕೆ ಬರುವುದಿಲ್ಲ. ಪ್ಲಗ್ ಮತ್ತು ಸಾಕೆಟ್ ನಡುವೆ ಹಾಕುವ ಸಣ್ಣ ಎನರ್ಜಿ ಮೀಟರ್ ಸಿಗುತ್ತದೆ. ನಾನು ಒಂಬೈನೂರು ರೂಪಾಯಿ ಕೊಟ್ಟು ತರಿಸಿದೆ. ಬೇಡ ಎಂದಾದರೆ ದುಡ್ಡಿಲ್ಲದ ದಾರಿಯೂ ಇದೆ. ನಮ್ಮ ಮೀಟರ್ ಬರುವುದು ತಡ ಆದದ್ದರಿಂದ ಮೊದಲು ಅದನ್ನೇ ಮಾಡಿದೆವು.

ಮನೆಯ ಹೊರಗಿನ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ ಅಲ್ವಾ? ಅದರ ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200. ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ತುಂಬಿಸಿಕೊಳ್ಳಿ, ಇಲ್ಲದಿದ್ದರೆ ಚಾರ್ಜಿಂಗ್‌ನ ಕರೆಂಟೂ ಸೇರಿಬಿಡುತ್ತದೆ. ಬೆಂಚ್‌ಮಾರ್ಕ್ ಶುರು ಮಾಡಿ ಹದಿನೈದು ನಿಮಿಷ ಬಿಡಿ. ಪರದೆ ಆರಿಸಿ. ನಂತರ ಫ್ರಿಜ್, ಫ್ಯಾನ್, ಲೈಟು, ರೂಟರ್, ಇನ್ವರ್ಟರ್ ಎಲ್ಲ ಬಂದ್ ಮಾಡಿ. ಬೆಂಚ್‌ಮಾರ್ಕಿಗೆ ಇಂಟರ್ನೆಟ್ ಬೇಕಿಲ್ಲ, ಹೆದರಬೇಡಿ. ಈಗ ಹತ್ತು ನಿಮಿಷ ಮಿಣುಕು ಎಣಿಸಿ.

ಜಗುಲಿಯಲ್ಲಿ ಟಾರ್ಚ್ ಹಿಡಿದು ಇಬ್ಬರೂ ನಿಂತೆವು. ಅರ್ಧ ನಿಮಿಷಕ್ಕೊಮ್ಮೆ ಒಂದು ಮಿಣುಕು. ಹತ್ತು ನಿಮಿಷಕ್ಕೆ ಇಪ್ಪತ್ತು. ಗಂಟೆಗೆ 120 ಆಯಿತು. 120ನ್ನು 3200ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 37.5 ವ್ಯಾಟ್. ಆಮೇಲೆ ಬಂದ ಪ್ಲಗ್ ಮೀಟರ್ 38 ತೋರಿಸಿತು. ಒಂಬೈನೂರು ರೂಪಾಯಿ ಸುಮ್ನೆ ಹೋಯಿತು ಎನ್ನಬೇಕೋ, ಲೆಕ್ಕ ಸರಿ ಇದೆ ಎಂದು ಖುಷಿಪಡಬೇಕೋ ಗೊತ್ತಾಗಲಿಲ್ಲ.

38 ವ್ಯಾಟ್, ದಿನವಿಡೀ ಓಡಿದರೆ 0.91 ಯೂನಿಟ್. ತಿಂಗಳಿಗೆ ಸುಮಾರು 27 ಯೂನಿಟ್.

ಈಗ ಎರಡನ್ನೂ ಎದುರುಬದುರು ಇಡಿ

ಆದಾಯದ ಸೂತ್ರ ಇಷ್ಟೇ: ನಿಮ್ಮ ವೇಗವನ್ನು ಜಾಲದ ಒಟ್ಟು ವೇಗದಿಂದ ಭಾಗಿಸಿ, 432ರಿಂದ ಗುಣಿಸಿ. ಜಾಲದ ವೇಗವನ್ನು ಆ ದಿನದ್ದೇ ನೋಡಿ ಹಾಕಿ. ನಾನು ಸೆಕೆಂಡಿಗೆ 500 ಕೋಟಿ ಹ್ಯಾಶ್ ಹಿಡಿದಿದ್ದೇನೆ. 1,050 ಭಾಗಿಸು 500 ಕೋಟಿ, ಗುಣಿಸು 432. ದಿನಕ್ಕೆ 0.00009 ಮೊನೆರೊ. ತಿಂಗಳಿಗೆ 0.0027.

ಒಂದು ಮೊನೆರೊಗೆ 25,000 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 68 ರೂಪಾಯಿ.

ಕರೆಂಟಿಗೆ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು, ಮೇಲೆ ತೆರಿಗೆ, ಇತರ ಶುಲ್ಕ. ಒಟ್ಟು ಏಳು ಎಂದಿಟ್ಟರೆ 27 ಯೂನಿಟ್ಟಿಗೆ ಸುಮಾರು 190 ರೂಪಾಯಿ. 190 ಕೊಟ್ಟು 68 ತರುವ ವ್ಯಾಪಾರ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ, ಕಾಳಿ ನದಿಗೆ ಅಣೆಕಟ್ಟಿನ ಮೇಲೆ ಅಣೆಕಟ್ಟು ಇದೆ. ಕರೆಂಟ್ ಹುಟ್ಟುವ ಜಿಲ್ಲೆ ನಮ್ಮದು ಎಂದು ಬಿಲ್ಲಿನಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

"ರೇಟು ಏರಿದ್ರೆ?" ಎಂದ ಹುಡುಗ. ಒಳ್ಳೆ ಪ್ರಶ್ನೆ. ಮೊನೆರೊ 70,000 ದಾಟಿದರೆ ನಮ್ಮ ಲ್ಯಾಪ್‌ಟಾಪ್ ತನ್ನ ಕರೆಂಟಿನ ಖರ್ಚನ್ನು ತಾನೇ ದುಡಿಯುತ್ತದೆ. ಆದರೆ ರೇಟು ಏರಿದ ಕೂಡಲೇ ಸುಮ್ಮನಿದ್ದವರೆಲ್ಲ ಮಷಿನ್ ಹಚ್ಚುತ್ತಾರೆ, ಜಾಲದ ವೇಗ ಏರುತ್ತದೆ, ನಮ್ಮ ಪಾಲು ಇಳಿಯುತ್ತದೆ. ಅಡಿಕೆ ರೇಟು ಏರಿದ ವರ್ಷ ಗದ್ದೆಯನ್ನೆಲ್ಲ ತೋಟ ಮಾಡಿದವರನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಯಾದರೂ ಹೆಚ್ಚು ಜನ ಬೆಳೆದರೆ ಹೆಚ್ಚು ಬೆಳೆಯುತ್ತದೆ. ಇಲ್ಲಿ ದಿನಕ್ಕೆ 432, ಮುಗಿಯಿತು.

ಗೃಹಜ್ಯೋತಿ ಇದೆಯಲ್ಲ ಎನ್ನುವವರಿಗೆ

ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲೇ. 200 ಯೂನಿಟ್ ಪುಕ್ಕಟೆ ಎಂಬ ಮಾತು ತಲೆಯಲ್ಲಿ ಕೂತಿದೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಪಾಲು. ತೀರಾ ಕಡಿಮೆ ಬಳಸುವ ಮನೆಗಳಿಗೆ ಲೆಕ್ಕ ಸ್ವಲ್ಪ ಬೇರೆ. ಆ ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ತಿಂಗಳಿಗೆ 200 ದಾಟಿದರೆ ಇಡೀ ಬಿಲ್ ನಿಮ್ಮದೇ.

ಹಳೇ ಹೆಸ್ಕಾಂ ಬಿಲ್‌ಗಳನ್ನು ತೆಗೆದು ನೋಡಿ. ಒಂದು ಮನೆಯ ಉಚಿತ ಪಾಲು 187 ಯೂನಿಟ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 180 ಬಳಸುತ್ತಾರೆ, ಬಿಲ್ ಸೊನ್ನೆ. ಅದಕ್ಕೆ ಲ್ಯಾಪ್‌ಟಾಪಿನ 27 ಸೇರಿದರೆ 207. ಈಗ 207ಕ್ಕೂ ಕಟ್ಟಬೇಕು. ಏಳರ ಲೆಕ್ಕದಲ್ಲಿ 1,450 ರೂಪಾಯಿ. ಸಿಗುವುದು 68.

ಉಚಿತ ಪಾಲಿನ ಒಳಗೇ ಇನ್ನೂ 27 ಯೂನಿಟ್ ಉಳಿಯುವ ಮನೆ ಇದ್ದರೆ? ಆಗ ನಿಜಕ್ಕೂ ಕರೆಂಟ್ ಖರ್ಚಿಲ್ಲ, 68 ರೂಪಾಯಿ ಕೈಗೆ ಬರಬೇಕು. ಬರುತ್ತದಾ ನೋಡೋಣ.

ಪೂಲ್, ವಾಲೆಟ್, ತೆರಿಗೆ

ಒಬ್ಬರೇ ಮೈನಿಂಗ್ ಮಾಡಿದರೆ ನಮ್ಮ ಲ್ಯಾಪ್‌ಟಾಪಿಗೆ ಸರಾಸರಿ 18 ವರ್ಷಕ್ಕೊಂದು ಬ್ಲಾಕ್. ಅದಕ್ಕೇ ಪೂಲ್ ಸೇರುತ್ತಾರೆ. ಕಾರವಾರ, ಅಂಕೋಲಾ ತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದರೆ ಇದು ಕೂಡಲೇ ಅರ್ಥ ಆಗುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ಬಲೆಗೂ ದೋಣಿಗೂ ಒಂದು ಪಾಲು. ಪೂಲ್‌ನಲ್ಲೂ ಹಾಗೆ: ನೀವು ಎಳೆದಷ್ಟಕ್ಕೆ ಪಾಲು, ಪೂಲ್ ನಡೆಸುವವರಿಗೆ ಸಣ್ಣ ಕಮಿಷನ್. ಎಕ್ಸ್‌ಎಂಆರ್‌ರಿಗ್ ಕೂಡ ಮೊದಲಿನಿಂದಲೇ ಶೇ 1ರಷ್ಟು ಸಮಯವನ್ನು ಅದನ್ನು ಬರೆದವರಿಗೆ ದುಡಿಯುವಂತೆ ಇಟ್ಟುಕೊಂಡಿದೆ.

ವ್ಯತ್ಯಾಸ ಒಂದೇ. ರಂಪಣಿಯಲ್ಲಿ ಮೀನು ಆ ದಿನವೇ ಮನೆಗೆ ಬರುತ್ತದೆ. ಪೂಲ್‌ನಲ್ಲಿ ಇಂತಿಷ್ಟು ಕೂಡುವವರೆಗೆ ಕೊಡುವುದಿಲ್ಲ. ಮಿತಿ 0.01 ಮೊನೆರೊ ಎಂದಿದ್ದರೆ, ಹಗಲೂ ರಾತ್ರಿ ಓಡಿಸಿದರೂ ನಾಲ್ಕು ತಿಂಗಳು ಹತ್ತಿರ ಕಾಯಬೇಕು. ಸೇರುವ ಮೊದಲು ಈ ಮಿತಿ ನೋಡಿ.

ವಾಲೆಟ್ ಮೊನೆರೊದವರದೇ ಅಧಿಕೃತವಾದದ್ದು ಹಾಕಿಕೊಳ್ಳಿ. ಅದು 25 ಪದ ಕೊಡುತ್ತದೆ, ಅವೇ ನಿಮ್ಮ ನಾಣ್ಯದ ಬೀಗದ ಕೈ. ಕಾಗದದ ಮೇಲೆ ಬರೆದಿಡಿ, ಫೋಟೋ ತೆಗೆಯಬೇಡಿ, ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ.

ಮಾರುವುದು ಇನ್ನೊಂದು ತಲೆನೋವು. ಮೊನೆರೊ ಗುಟ್ಟು ಕಾಯುವ ನಾಣ್ಯ, ಯಾರಿಂದ ಯಾರಿಗೆ ಹೋಯಿತು ಎಂದು ಹೊರಗೆ ತೋರುವುದಿಲ್ಲ. ಹಾಗಾಗಿ ಕ್ರಿಪ್ಟೋ ಕೊಂಡು ಮಾರುವ ಹಲವು ದೊಡ್ಡ ವಿನಿಮಯ ಕೇಂದ್ರಗಳಿಗೆ ಅದನ್ನು ಕಂಡರೆ ಆಗದು. ಬೈನಾನ್ಸ್ 2024ರ ಫೆಬ್ರುವರಿಯಲ್ಲಿ ಅದನ್ನು ಪಟ್ಟಿಯಿಂದ ತೆಗೆಯಿತು. ನೀವು ಬಳಸುವ ಕೇಂದ್ರ ಅದನ್ನು ತೆಗೆದುಕೊಳ್ಳುತ್ತದಾ, ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಿದೆಯಾ ಎಂದು ಮೊದಲೇ ವಿಚಾರಿಸಿ. ಮೀನು ಹಿಡಿದ ಮೇಲೆ ಪೇಟೆ ಹುಡುಕುವುದು ಬೇಡ.

ತೆರಿಗೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಒಂದನ್ನು ಬಿಟ್ಟು ಬೇರೆ ಖರ್ಚು ಕಳೆಯಲು ಬರುವುದಿಲ್ಲ. ಮೈನಿಂಗ್‌ಗೆ ಹಾಕಿದ ಬಂಡವಾಳವೂ ಕೊಂಡ ಬೆಲೆ ಎಂದು ನಡೆಯುವುದಿಲ್ಲ, ಇದನ್ನು 2022ರ ಮಾರ್ಚ್‌ನಲ್ಲಿ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಅಂದರೆ ಕರೆಂಟಿಗೆ 190 ಹೋದದ್ದು ನಿಮ್ಮ ಪಾಡು. ಬಂದ 68ರಲ್ಲಿ 21 ರೂಪಾಯಿ ತೆರಿಗೆ. ನಷ್ಟವನ್ನು ಬೇರೆ ಆದಾಯದ ಜೊತೆ ಹೊಂದಿಸಲೂ ಬರುವುದಿಲ್ಲ. ಕಾನೂನುಬಾಹಿರ ಏನಲ್ಲ, ನಿಷೇಧವೂ ಇಲ್ಲ. ರಿಟರ್ನ್ಸ್‌ನಲ್ಲಿ ಬೇರೆಯಾಗಿ ತೋರಿಸಬೇಕು, ಅಷ್ಟೆ.

ಬಿಸಿ, ಉಪ್ಪುಗಾಳಿ, ಇನ್ವರ್ಟರ್

ಲ್ಯಾಪ್‌ಟಾಪಿನ ಫ್ಯಾನ್ ಹೆಬ್ಬೆರಳಿನಷ್ಟು ದಪ್ಪ ಕೂಡ ಇರುವುದಿಲ್ಲ. ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ತಿರುಗಲಿ ಎಂದು ಅದನ್ನು ಮಾಡಿದ್ದಲ್ಲ. ನಮ್ಮದು 90 ಡಿಗ್ರಿ ಮುಟ್ಟಿತು. ಕಾರವಾರ, ಹೊನ್ನಾವರದ ಹಾಗೆ ಸಮುದ್ರದ ಪಕ್ಕ ಮನೆ ಇದ್ದವರು ಇನ್ನೂ ಹುಷಾರಾಗಿರಬೇಕು. ಫ್ಯಾನ್ ಒಳಗೆ ಎಳೆಯುವುದು ಉಪ್ಪು ತುಂಬಿದ ಹಸಿ ಗಾಳಿ. ಜಾಸ್ತಿ ತಿರುಗಿದಷ್ಟೂ ಜಾಸ್ತಿ ಉಪ್ಪು. ಕಿಟಕಿಯ ಸರಳಿಗೆ ತುಕ್ಕು ಹಿಡಿಯುವ ಊರಿನಲ್ಲಿ ತಾಮ್ರದ ಪಟ್ಟಿಗಳು ಹಸಿರಾಗುವುದು ಏನು ದೊಡ್ಡ ಮಾತು? ಘಟ್ಟದ ಮೇಲೆ ನಮಗೆ ಉಪ್ಪಿಲ್ಲ, ಬೂಷ್ಟು ಇದೆ. ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ಬಿಸಿ ಇರುವ ಮಷಿನ್‌ಗೆ ಬೂಷ್ಟು ಹಿಡಿಯುವುದಿಲ್ಲ. ಮೈನಿಂಗ್‌ನಿಂದ ನನಗೆ ಕಂಡ ಒಂದೇ ಲಾಭ ಅದು.

ಆದರೂ ಒಂದೆರಡು ರಾತ್ರಿ ಓಡಿಸುವುದಾದರೆ ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಹಿಂಬದಿ ಎತ್ತರಿಸಿ, ಕೆಳಗೆ ಗಾಳಿ ಆಡಲಿ. ಬ್ಯಾಟರಿ ಮಿತಿ ಇಡುವ ಆಯ್ಕೆ ಇದ್ದರೆ 60ಕ್ಕೋ 80ಕ್ಕೋ ನಿಲ್ಲಿಸಿ, ಬಿಸಿಯಲ್ಲಿ ಪೂರ್ತಿ ತುಂಬಿ ಕೂತ ಬ್ಯಾಟರಿ ಬೇಗ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಇನ್ವರ್ಟರ್ ಇಲ್ಲದ ಪ್ಲಗ್‌ಗೆ ಹಾಕಿ. ಇದು ನಾವು ಕಲಿತದ್ದು. ಏಳನೇ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಯಾರಿಗೂ ಎಚ್ಚರ ಇಲ್ಲ. ಲ್ಯಾಪ್‌ಟಾಪು, ರೂಟರು ಎರಡೂ ಇನ್ವರ್ಟರ್ ಮೇಲೆ ಆರಾಮಾಗಿ ದುಡಿಯುತ್ತಿದ್ದವು. ನಮ್ಮ ಹಳೇ ಬ್ಯಾಟರಿಗೆ ಎಷ್ಟು ಹೊತ್ತು ತಾಳಿಕೆ? ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ ಎದ್ದು ಬಂದಳು. "ಇನ್ವರ್ಟರ್ ಎಂತಕ್ಕೆ ಕೂಗ್ತಾ ಇದ್ದು ತಮಾ?" ಹುಡುಗ ಮುಸುಕು ಎಳೆದುಕೊಂಡ. ಅಮ್ಮ ಮೊಬೈಲ್ ಬೆಳಕಿನಲ್ಲಿ ಕಷಾಯ ಕುದಿಸಿದಳು. ಕರೆಂಟು ಬಂದದ್ದು ಮಾರನೇ ದಿನ ಮಧ್ಯಾಹ್ನ.

ಇದಕ್ಕಿಂತ ಕೆಟ್ಟದ್ದು

ಲ್ಯಾಪ್‌ಟಾಪ್ ಮೈನಿಂಗ್‌ನಲ್ಲಿ ಹೋಗುವುದು ನೂರಿನ್ನೂರು ರೂಪಾಯಿ. ಅದನ್ನು ಹುಡುಕುತ್ತ ಹೋದವರಿಗೆ ಸಿಗುವ ಬೇರೆ ಬಲೆಗಳಲ್ಲಿ ಲಕ್ಷ ಹೋಗುತ್ತದೆ. ಮೊಬೈಲಿನಲ್ಲಿ ಮೈನಿಂಗ್ ಎನ್ನುವ ಆ್ಯಪ್‌ಗಳನ್ನು ನೋಡಿ. ಫೋನಿನಲ್ಲೇ ಮೈನಿಂಗ್ ಮಾಡುವ ಆ್ಯಪ್‌ಗಳನ್ನು ಗೂಗಲ್ 2018ರಲ್ಲೇ ಪ್ಲೇ ಸ್ಟೋರಿನಿಂದ ಹೊರಗಿಟ್ಟಿದೆ. ಅಲ್ಲಿಂದ ಇಳಿಸಿಕೊಂಡ ಆ್ಯಪಿನಲ್ಲಿ ಅಂಕಿ ಏರುತ್ತಿದ್ದರೆ ಅದು ಬರೀ ಅಂಕಿ. "ನಮ್ಮ ಮಷಿನ್ ಬಾಡಿಗೆಗೆ ತಗೊಳ್ಳಿ, ದಿನಕ್ಕೆ ಶೇ 2 ಕೊಡುತ್ತೇವೆ" ಎನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಅಷ್ಟು ಬರುವುದಾದರೆ ನಿಮಗೆ ನನ್ನ ದುಡ್ಡು ಯಾಕೆ ಬೇಕು? ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಏನೂ ಹಾಕದಿದ್ದರೂ ಲ್ಯಾಪ್‌ಟಾಪ್ ಬಿಸಿ ಆಗುತ್ತಿದೆ, ಫ್ಯಾನ್ ಕೂಗುತ್ತಿದೆ ಎಂದಾದರೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಯಾರು ತಿನ್ನುತ್ತಿದ್ದಾರೆ ನೋಡಿ. ಕದ್ದ ಸಾಫ್ಟ್‌ವೇರ್ ಹಾಕಿದ ಮಷಿನ್ ಆದರೆ ಬೇರೆ ಯಾರಿಗೋ ಮೈನಿಂಗ್ ಮಾಡುತ್ತಿರಬಹುದು, ನಿಮ್ಮ ಕರೆಂಟಿನಲ್ಲಿ.

ನಮ್ಮ ಹುಡುಗನ ಲೆಕ್ಕ

ಒಂಬತ್ತು ರಾತ್ರಿ ಓಡಿಸಿದ, ರಾತ್ರಿಗೆ ಹತ್ತು ಗಂಟೆ ಹಿಡಿಯಿರಿ. ಮೂರೂವರೆ ಯೂನಿಟ್ ಹತ್ತಿರ, 24 ರೂಪಾಯಿ. ಸಿಕ್ಕಿದ್ದು 0.0003 ಚಿಲ್ಲರೆ, ಎಂಟು ರೂಪಾಯಿ. ಅದೂ ಕೈಗೆ ಬಂದಿಲ್ಲ. ಪೂಲಿನ ಮಿತಿ ಮುಟ್ಟದೆ ಅಲ್ಲೇ ಕೂತಿದೆ. ಕುಮಟಾಕ್ಕೆ ಹೊರಡುವ ಹಿಂದಿನ ದಿನ ಪ್ಲಗ್ ಮೀಟರನ್ನು ಅವನೇ ಬಿಚ್ಚಿ, ಅಡುಗೆಮನೆಯ ಹಳೇ ಫ್ರಿಜ್‌ಗೆ ಹಾಕಿದ. ಮಾರನೇ ದಿನ ಬಸ್ಸಿಗೆ ಹೋಗುವ ಮುಂಚೆ ನೋಡಿದರೆ ಎರಡೂವರೆ ಯೂನಿಟ್ ತೋರಿಸುತ್ತಿತ್ತು.

"ಮಾವ, ಮೊದ್ಲು ಇದ್ರ ಬಾಗಿಲ ರಬ್ಬರ್ ಹಾಕ್ಸು" ಎಂದು ಹೇಳಿ ಬಸ್ ಹತ್ತಿದ.